ಮೊಗ್ಗಿನ ಜಡೆ: ಪಟದಲ್ಲಿ ಅರಳದ ಹೂ

ಮೊಗ್ಗಿನ ಜಡೆ ಬೇಸಿಗೆಯ ಕೆಲಸ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಳಿಗಾಲದಲ್ಲಿ ನೀರು ತಗ್ಗಿಸಿ, ಎಲೆ ಬಿಡಿಸಿ, ಗಿಡ ಸವರಿ ಬಿಟ್ಟರೆ ಶಿವರಾತ್ರಿಯ ಹೊತ್ತಿಗೆ ಚಿಗುರೊಡೆದು ಯುಗಾದಿಯ ಆಸುಪಾಸಿನಲ್ಲಿ ಮೊಗ್ಗು ತುಂಬಿ ನಿಲ್ಲುತ್ತದೆ. ಶಾಲೆಗೆ ರಜೆ ಬರುವುದೂ ಆಗಲೇ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಜಡೆ ಹಾಕಿಸುವ ರೂಢಿ ಏಪ್ರಿಲ್, ಮೇ ತಿಂಗಳಿಗೆ ಅಂಟಿಕೊಂಡದ್ದಕ್ಕೆ ಈ ಎರಡೂ ಕಾರಣ: ಹೂ ಅಗ್ಗ, ಮಗು ಮನೆಯಲ್ಲಿ. ಅಜ್ಜಿಯ ಊರಿಗೆ ಬಂದ ಮೊಮ್ಮಗಳ ಕೂದಲು ತುಸು ಉದ್ದವಿದ್ದರೆ ಆಯಿತು. ಸಾಲದಿದ್ದರೆ ಚೌರಿ ಇದ್ದೇ ಇದೆ. ಮದುವೆಯ ಜಡೆ, ಸೀಮಂತದ ಜಡೆ ಬೇರೆ. ಅಲ್ಲಿ ಶಾಸ್ತ್ರ ಮುಂದೆ, ಹೂ ಹಿಂದೆ. ಇಲ್ಲಿನ ಮಾತು ಯಾವ ಶಾಸ್ತ್ರದ ಹಂಗೂ ಇಲ್ಲದೆ, ಮನೆಯವರ ಆಸೆಯೊಂದರಿಂದಲೇ ಮಗುವಿನ ತಲೆಗೇರುತ್ತಿದ್ದ ಜಡೆಯದು.

 

ಜಡೆಗೆ ಹೂ ಆರಿಸುವಾಗ ಮೊದಲು ನೋಡಬೇಕಾದದ್ದು ಮೊಗ್ಗಿನ ಹದ. ದುಂಡು ಮಲ್ಲಿಗೆಯ ಮೊಗ್ಗು ಅರಳುವುದು ಸಂಜೆಯಾದ ಮೇಲೆ. ಆ ಸಂಜೆ ಅರಳಲಿರುವ ಮೊಗ್ಗು ಬೆಳಿಗ್ಗೆಯೇ ತುಂಬಿಕೊಂಡು, ಹಸಿರು ಛಾಯೆ ಕಳೆದು ಹಾಲುಬಿಳಿಗೆ ತಿರುಗಿರುತ್ತದೆ. ನಾಳೆಯದು ಇನ್ನೂ ಹಸಿರು, ಚಿಕ್ಕದು. ಅದನ್ನು ಕಿತ್ತರೆ ಅರಳದೆಯೇ ಬಾಡುತ್ತದೆ. ಆದ್ದರಿಂದ ಬಿಸಿಲೇರುವ ಮುಂಚೆ, ಒಂದೊಂದನ್ನೇ ನೋಡಿ ಬಿಡಿಸಬೇಕು. ತೊಟ್ಟಿಗಿಂತ ಮೇಲೆ, ಮೊಗ್ಗಿನ ಕೆಳಗಿರುವ ಕೊಳವೆ ಉದ್ದವಾಗಿದ್ದಷ್ಟೂ ಸೂಜಿಗೆ ಹಿಡಿತ ಹೆಚ್ಚು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೂ ಮುಚ್ಚಿಯೇ ಇರುತ್ತದೆ.

ಕರ್ನಾಟಕದ ಮೂರು ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ: ಮೈಸೂರು, ಉಡುಪಿ, ಹಡಗಲಿ. ಇವುಗಳಲ್ಲಿ ಯಾವುದು ಹೆಚ್ಚು ಎಂಬ ಜಗಳ ಊರೂರಿಗೂ ಉಂಟು, ಅದು ಹಾಗೆಯೇ ಇರಲಿ. ಜಡೆಯ ಮಟ್ಟಿಗೆ ವ್ಯತ್ಯಾಸ ಬರುವುದು ಹೂ ಮನೆಗೆ ಬರುವ ರೀತಿಯಿಂದ. ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆ ಬಾಳೆನಾರಿನಲ್ಲಿ ಕಟ್ಟಿಸಿಕೊಂಡೇ ಮಾರುಕಟ್ಟೆಗೆ ಬರುತ್ತದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಷ್ಟು ಒತ್ತಾಗಿ, ಅಷ್ಟು ಸಮನಾಗಿ ಕಟ್ಟುವ ಕೈ ಬೇರೆಲ್ಲೂ ಸಿಗುವುದು ಕಷ್ಟ. ಮುಡಿಯುವುದಕ್ಕೆ ಅದಕ್ಕಿಂತ ಚೆಂದದ್ದಿಲ್ಲ. ಜಡೆ ಹೊಲಿಯುವುದಕ್ಕೆ ಮಾತ್ರ ಬಿಡಿ ಮೊಗ್ಗೇ ಬೇಕು, ಮತ್ತು ಅದು ಹಿತ್ತಲದ್ದಾದರೆ ಮೇಲು, ಏಕೆಂದರೆ ಮಾರುಕಟ್ಟೆಯ ರಾಶಿಯಲ್ಲಿ ಇಂದಿನ ಮೊಗ್ಗೂ ನಾಳೆಯ ಮೊಗ್ಗೂ ಬೆರೆತಿರುತ್ತವೆ.

ಇಲ್ಲಿ ಕಾಕಡದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಾಕಡ ಮಲ್ಲಿಗೆಯದೇ ಕುಲದ ಹೂ. ಬೆಳ್ಳಗಿದೆ, ಮೊಗ್ಗು ನೀಳವಾಗಿದೆ, ಬೆಲೆ ಕಡಿಮೆ. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಮಲ್ಲಿಗೆ ಸಿಗದ ತಿಂಗಳುಗಳಲ್ಲಿ ಮದುವೆಯ ಛತ್ರಗಳು ಕಾಕಡದ ಮೇಲೆಯೇ ನಡೆಯುತ್ತವೆ, ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಮಲ್ಲಿಗೆಯ ಕಾಲದಲ್ಲೂ ಅದನ್ನೇ ಹೊಲಿದು, ‘ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ’ ಎನ್ನುವ ಸಮಜಾಯಿಷಿಯಲ್ಲಿ. ಫೋಟೋದಲ್ಲಿ ಗೊತ್ತಾಗುವುದಿಲ್ಲ, ನಿಜ. ಆದರೆ ಜಡೆ ಹಾಕಿಕೊಂಡ ಮಗು ಅಂದು ರಾತ್ರಿ ಊಟಕ್ಕೆ ಕೂತಾಗ ಪಂಕ್ತಿಯಲ್ಲಿದ್ದ ಅಷ್ಟೂ ಮಂದಿಗೆ ಗೊತ್ತಾಗುತ್ತದೆ.

ಹೊಲಿಯುವ ವಿಧಾನ ಮನೆಯಿಂದ ಮನೆಗೆ ಬೇರೆ. ಕೆಲವರು ಬಾಳೆಪಟ್ಟೆಯನ್ನು ಜಡೆಯ ಅಳತೆಗೆ, ಮೇಲೆ ಅಗಲ, ಕೆಳಗೆ ಕಿರಿದಾಗಿ ಕತ್ತರಿಸಿಕೊಂಡು ಅದರ ಮೇಲೆ ಸಾಲುಸಾಲಾಗಿ ಮೊಗ್ಗು ಹೊಲಿಯುತ್ತಾರೆ. ಇನ್ನು ಕೆಲವರು ರಟ್ಟು ಬಳಸುತ್ತಾರೆ. ಪಟ್ಟೆಗೆ ತನ್ನದೇ ತೇವವಿರುವುದರಿಂದ ಮೊಗ್ಗು ಬೇಗ ಸೊರಗುವುದಿಲ್ಲ; ರಟ್ಟು ಹಗುರ, ಆದರೆ ಹೂವಿನ ನೀರನ್ನು ಹೀರುತ್ತದೆ. ಯಾವುದನ್ನೂ ಬಳಸದೆ, ಹೆಣೆದ ಜಡೆಗೇ ಸೂಜಿ ಹಾಕಿ ನೇರವಾಗಿ ಹೊಲಿಯುವವರೂ ಇದ್ದರು. ಅದು ಕಷ್ಟದ ಕೆಲಸ, ಮಗು ಗಂಟೆಗಟ್ಟಲೆ ಕದಲದೆ ಕೂರಬೇಕು. ಹಾಗೆ ಹೊಲಿದ ಜಡೆ ಮಾತ್ರ ಕತ್ತಿನ ಜೊತೆಗೇ ತಿರುಗುತ್ತದೆ, ಬೆನ್ನಿನಿಂದ ಬೇರೆಯಾಗಿ ಹಲಗೆಯಂತೆ ನಿಲ್ಲುವುದಿಲ್ಲ. ನಡುನಡುವೆ ಕನಕಾಂಬರದ ಸಾಲು ಬಣ್ಣಕ್ಕೆ, ಮರುಗ ಇಲ್ಲವೇ ಪಚ್ಚೆತೆನೆ ಹಸಿರಿಗೆ ಮತ್ತು ಘಮಕ್ಕೆ. ತುದಿಗೆ ಕುಚ್ಚು. ನೆತ್ತಿಯ ಹಿಂದೆ ರಾಗಟೆ, ಮುಂದೆ ಬೈತಲೆಬೊಟ್ಟು. ಕೇದಗೆ ಸಿಕ್ಕರೆ ಅದರ ಎಸಳು ಮಡಿಸಿ ಮೇಲ್ಗಡೆ ಸಿಕ್ಕಿಸುತ್ತಿದ್ದರು.

ಈ ಕೆಲಸ ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಬಿಡಿಸುವುದು ಒಬ್ಬರು, ಅಳತೆಗೆ ಸರಿಯಾಗಿ ವಿಂಗಡಿಸಿ ಕೊಡುವುದು ಇನ್ನೊಬ್ಬರು, ಹೊಲಿಯುವುದು ಮತ್ತೊಬ್ಬರು. ಬೀದಿಯಲ್ಲಿ ಜಡೆ ಹೊಲಿಯುವುದಕ್ಕೆ ಹೆಸರಾದವರು ಒಬ್ಬರು ಇರುತ್ತಿದ್ದರು. ಅವರನ್ನು ಕರೆತರಲು ಮನೆಯ ಹುಡುಗ ಹಿಂದಿನ ದಿನವೇ ಹೋಗಿ ಹೇಳಿ ಬರುತ್ತಿದ್ದ. ಕೂಲಿ ಕೊಡುವ ಮಾತಿಲ್ಲ. ಎಲೆ ಅಡಿಕೆ, ಕಾಫಿ, ಹೊರಡುವಾಗ ಕುಂಕುಮ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದರೆ ಬಿಸಿಲಿಳಿಯುವವರೆಗೆ ಕೈಯೂ ಬಾಯಿಯೂ ನಡೆಯುತ್ತಲೇ ಇರುತ್ತಿದ್ದವು. ಯಾರ ಮನೆಯ ಜಡೆ ಯಾವ ವರ್ಷ ಎಷ್ಟುದ್ದ ಬಂದಿತ್ತು, ಯಾರ ಮಗಳು ಅಳುತ್ತ ಕೂತಿದ್ದಳು, ಯಾರ ಅತ್ತೆಯ ಕೂದಲು ಮಂಡಿ ಮುಟ್ಟುತ್ತಿತ್ತು: ಮನೆತನದ ಚರಿತ್ರೆಯ ದೊಡ್ಡ ಪಾಲು ಮಕ್ಕಳ ಕಿವಿಗೆ ಬಿದ್ದದ್ದು ಇಂಥ ಮಧ್ಯಾಹ್ನಗಳಲ್ಲಿ. ಕದಲದೆ ಕೂತ ಮಗುವಿಗೆ ಕೇಳಿಸಿಕೊಳ್ಳುವುದರ ಹೊರತು ಬೇರೆ ಕೆಲಸವೇ ಇರುತ್ತಿರಲಿಲ್ಲ.

ಜಡೆ ಮುಗಿದ ಕೂಡಲೇ ಸ್ಟುಡಿಯೋ. ರೇಷ್ಮೆ ಲಂಗ, ಡಾಬು, ವಂಕಿ ಎಲ್ಲ ಏರಿಸಿಕೊಂಡು ಬೆಳಕಿರುವಾಗಲೇ ಹೋಗಬೇಕು. ಮಗುವನ್ನು ನಿಲುವುಗನ್ನಡಿಯ ಮುಂದೆ ಓರೆಯಾಗಿ ನಿಲ್ಲಿಸಿ ಅಥವಾ ಸ್ಟೂಲಿನ ಮೇಲೆ ಕೂರಿಸಿ, ಮುಖ ಕ್ಯಾಮೆರಾಕ್ಕೂ ಜಡೆ ಕನ್ನಡಿಗೂ ಬರುವಂತೆ ಹೊಂದಿಸುತ್ತಿದ್ದರು. ಒಂದೇ ಚಿತ್ರದಲ್ಲಿ ಮುಂದೂ ಹಿಂದೂ. ಇದು ಸುಲಭದ ಏರ್ಪಾಡಲ್ಲ. ಕನ್ನಡಿಯೊಳಗಿನ ಜಡೆ ಕ್ಯಾಮೆರಾದ ಲೆಕ್ಕಕ್ಕೆ ಮಗುವಿಗಿಂತ ದೂರದಲ್ಲಿರುತ್ತದೆ, ಏಕೆಂದರೆ ಬೆಳಕು ಕನ್ನಡಿಗೆ ಹೋಗಿ ಮರಳಿ ಬರಬೇಕು. ಮುಖ, ಜಡೆ ಎರಡೂ ಸ್ಪಷ್ಟವಾಗಿ ಮೂಡಬೇಕಾದರೆ ಲೆನ್ಸಿನ ಕಿಂಡಿಯನ್ನು ಕಿರಿದುಮಾಡಬೇಕು. ಕಿರಿದುಮಾಡಿದರೆ ಹೆಚ್ಚು ಹೊತ್ತು ಬೆಳಕು ಕೊಡಬೇಕು. ಅಷ್ಟು ಹೊತ್ತು ಮಗು ಅಲುಗಬಾರದು. ಹಳೆಯ ಮೊಗ್ಗಿನ ಜಡೆಯ ಪಟಗಳಲ್ಲಿ ಮಕ್ಕಳ ಮುಖ ಬಿಗಿದುಕೊಂಡಿರುವುದಕ್ಕೆ ಜಡೆಯ ಭಾರದಷ್ಟೇ ಇದೂ ಕಾರಣ. ಕನ್ನಡಿಯ ಅಂಚಿನಲ್ಲಿ ಕ್ಯಾಮೆರಾದ ಮುಕ್ಕಾಲಿಯಾಗಲಿ ಕಪ್ಪು ಬಟ್ಟೆಯಾಗಲಿ ಇಣುಕದ ಹಾಗೆ ತೆಗೆದ ಪಟ ಬಹಳ ಪಳಗಿದ ಕೈಯದು. ಕಪ್ಪು ಬಿಳುಪಿನ ಚಿತ್ರಕ್ಕೆ ಮೊಗ್ಗಿನ ಜಡೆಗಿಂತ ಒಪ್ಪುವ ಒಡವೆ ಇರಲಿಲ್ಲ: ಕರಿಗೂದಲು, ಬಿಳಿ ಮೊಗ್ಗು. ಕನಕಾಂಬರಕ್ಕೆ ಮಾತ್ರ ಅನ್ಯಾಯವಾಯಿತು. ಕೆಂಪು ಬೆಳಕಿಗೆ ಸ್ಪಂದಿಸದ ಹಳೆಯ ಫಿಲ್ಮಿನಲ್ಲಿ ಅದರ ಕಿತ್ತಳೆ ಬಣ್ಣ ಕಪ್ಪಾಗಿ ಮೂಡುತ್ತಿತ್ತು. ಅಜ್ಜಿಯ ಪಟದ ಜಡೆಯಲ್ಲಿ ಮೊಗ್ಗಿನ ಸಾಲುಗಳ ನಡುವೆ ಕಾಣುವ ಕಪ್ಪು ಪಟ್ಟಿ ಬರಿಯ ಕೂದಲೆಂದು ತಿಳಿಯಬೇಕಿಲ್ಲ. ಅಲ್ಲಿ ಕನಕಾಂಬರ ಇದ್ದಿರಬಹುದು.

ಇಷ್ಟೆಲ್ಲ ಶ್ರಮಪಟ್ಟು ತೆಗೆಸಿದ ಪಟದಲ್ಲಿ ಇಲ್ಲದ್ದು ಒಂದೇ: ಅರಳಿದ ಹೂ. ಸ್ಟುಡಿಯೋಗೆ ಹೋಗುವುದು ಬೆಳಕಿರುವಾಗ. ಮೊಗ್ಗು ಬಿರಿಯುವುದು ಕತ್ತಲಾಗುವಾಗ. ಮನೆಗೆ ಮರಳಿ, ಅಕ್ಕಪಕ್ಕದ ಮನೆಗಳಿಗೆ ಹೋಗಿ ಜಡೆ ತೋರಿಸಿ, ಆರತಿ ಎತ್ತಿಸಿಕೊಂಡು, ದೃಷ್ಟಿ ತೆಗೆಸಿಕೊಳ್ಳುವ ಹೊತ್ತಿಗೆ ಜಡೆಯ ಉದ್ದಕ್ಕೂ ಹೂ ಅರಳುತ್ತಿರುತ್ತದೆ. ಗಿಡದಿಂದ ಕಿತ್ತ ಮೇಲೂ ಪರಿಮಳವನ್ನು ತಯಾರಿಸುತ್ತಲೇ ಇರುವ ಕೆಲವೇ ಹೂಗಳಲ್ಲಿ ಮಲ್ಲಿಗೆ ಒಂದು. ಗುಲಾಬಿಯಂತೆ ಬಟ್ಟಿ ಇಳಿಸದೆ, ಕೊಬ್ಬಿನ ಪದರದ ಮೇಲೆ ಹೂ ಹರಡಿ ಅದರ ಗಂಧವನ್ನು ಹಿಡಿಯುವ ಪದ್ಧತಿ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಬೆಳೆದದ್ದು ಮಲ್ಲಿಗೆಯ ಈ ಗುಣದಿಂದಲೇ. ಚೀನಾದವರು ಚಹಾದ ಎಲೆಯ ನಡುವೆ ದುಂಡು ಮಲ್ಲಿಗೆಯ ಮೊಗ್ಗನ್ನು ರಾತ್ರಿಯಿಡೀ ಬೆರೆಸಿಡುವುದಕ್ಕೂ ಇದೇ ಆಧಾರ. ಜಡೆ ಹಾಕಿಕೊಂಡವಳಿಗೆ ಆ ಪರಿಮಳ ಸ್ವಲ್ಪ ಹೊತ್ತಿನಲ್ಲೇ ಮರೆಯಾಗುತ್ತದೆ, ಮೂಗು ಹೊಂದಿಕೊಂಡುಬಿಡುತ್ತದೆ. ಅದು ನಿಲ್ಲುವುದು ಹಿಂದೆ ನಡೆದುಬರುವವರಿಗೆ. ತಾಯಿ, ಅಜ್ಜಿ, ಸೋದರತ್ತೆ ಆ ಸಂಜೆಯನ್ನು ಮಗುವಿಗಿಂತ ಚೆನ್ನಾಗಿ ನೆನಪಿಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ.

ಮೂಗಿನ ಸುದ್ದಿ ಮಿದುಳಿನಲ್ಲಿ ಭಾವ ಮತ್ತು ನೆನಪಿನ ಕೇಂದ್ರಗಳಿಗೆ ಬೇರೆ ಇಂದ್ರಿಯಗಳ ಸುದ್ದಿಗಿಂತ ನೇರವಾದ ದಾರಿಯಲ್ಲಿ ಹೋಗುತ್ತದೆ ಎನ್ನುವುದು ಈಗ ಶಾಲೆಯ ಪಾಠದಷ್ಟು ಪರಿಚಿತ. ಹಾಗಾದರೆ ವಾಸನೆಯೇ ಇಲ್ಲದ, ಹೂವೂ ಅರಳದ ಒಂದು ಕಾಗದದ ಪಟ ಇಡೀ ಸಂಜೆಯನ್ನು ಹೇಗೆ ಮರಳಿ ತರುತ್ತದೆ? ಇದಕ್ಕೆ ಪಂಪನಲ್ಲಿ ಉತ್ತರವಿದೆ. 10ನೇ ಶತಮಾನದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯನ್ನು ನೆನೆಯುವ ಪದ್ಯ ಕನ್ನಡಿಗರಿಗೆ ಬಾಯಿಪಾಠ. ನೆನಪನ್ನು ಎಬ್ಬಿಸುವ ಒಂದೊಂದನ್ನೇ ಕವಿ ಅಲ್ಲಿ ಎಣಿಸುತ್ತ ಹೋಗುತ್ತಾನೆ. ತೆಂಕಣ ಗಾಳಿ ಮೈಗೆ ತಾಕುವುದು, ಒಳ್ಳೆಯ ಮಾತು ಮತ್ತು ಇಂಪಾದ ಹಾಡು ಕಿವಿಗೆ ಬೀಳುವುದು, ವಸಂತದ ಉತ್ಸವ ಒದಗುವುದು. ಇವುಗಳ ನಡುವೆ ಬಿರಿದ ಮಲ್ಲಿಗೆ. ಆ ಮಲ್ಲಿಗೆಯನ್ನು ಪಂಪ ಮೂಸುವುದಿಲ್ಲ, ನೋಡುತ್ತಾನೆ. ಹೂಗಳ ಪರಿಮಳವನ್ನು ಅಷ್ಟು ಬಲ್ಲ ಕವಿ ಮೂಗನ್ನು ಬಿಟ್ಟು ಕಣ್ಣನ್ನು ಆರಿಸಿಕೊಂಡದ್ದು ಆಲೋಚಿಸಿಯೇ ಇರಬೇಕು. ಪರಿಮಳ ಒಮ್ಮೆ ಒಳಗೆ ಸೇರಿಕೊಂಡವನಿಗೆ ಹೂವಿನ ಆಕಾರವೇ ಸಾಕು. ಮಲ್ಲಿಗೆ ಕಂಡರೆ ಬನವಾಸಿ ಬರುತ್ತದೆ; ಪಟದ ಮೊಗ್ಗು ಕಂಡರೆ ಪಡಸಾಲೆಯ ಚಾಪೆ ಬರುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮೈಸೂರು ಮಲ್ಲಿಗೆ’ ಎಂದು ಹೆಸರಿಟ್ಟಾಗ ಮನೆಯ ಸುಖವನ್ನೆಲ್ಲ ಆ ಹೂವಿನ ಹೆಸರಿಗೆ ಕಟ್ಟಿದರು, ಆ ಗಂಟು ಇನ್ನೂ ಸಡಿಲಿಲ್ಲ.

ಆದ್ದರಿಂದಲೇ ಸಿದ್ಧ ಜಡೆಯ ಮೇಲೆ ಈ ಅಂಕಣಕ್ಕೆ ಹಳೆಯ ಮುನಿಸು. ಬಟ್ಟೆ, ಕಾಗದ, ಪ್ಲಾಸ್ಟಿಕ್ಕಿನ ಮೊಗ್ಗು ಪೋಣಿಸಿ ಪೆಟ್ಟಿಗೆಯಲ್ಲಿಟ್ಟು ಬಾಡಿಗೆಗೆ ಕೊಡುವ ಜಡೆ ಹಗುರ, ಬಾಡುವುದಿಲ್ಲ, ಹತ್ತು ನಿಮಿಷದಲ್ಲಿ ಪಿನ್ನು ಹಾಕಿ ಮುಗಿಸಬಹುದು. ಕೂದಲಿಲ್ಲದ ಪುಟ್ಟ ಮಗುವಿಗೂ ಹಾಕಬಹುದು ಎಂಬ ವಾದದಲ್ಲಿ ತೂಕವಿದೆ. ನಗರದ ಫ್ಲ್ಯಾಟಿನಲ್ಲಿ ಹಿತ್ತಲಿಲ್ಲ, ಹೊಲಿಯುವವರಿಲ್ಲ ಎಂಬುದೂ ದಿಟ. ಆದರೆ ಆ ಜಡೆ ಕೊಡುವುದು ಪಟ ಒಂದನ್ನೇ. ಚಾಪೆಯ ಮೇಲಿನ ಮಧ್ಯಾಹ್ನವನ್ನೂ ಅರಳುವ ಸಂಜೆಯನ್ನೂ ಅದು ಕಳೆದುಬಿಡುತ್ತದೆ. ಮೂವತ್ತು ವರ್ಷದ ನಂತರ ಆ ಪಟ ನೋಡಿದ ಮಗಳಿಗೆ ನೆನಪಾಗಲು ಏನೂ ಉಳಿದಿರುವುದಿಲ್ಲ. ಪೂರ್ತಿ ಜಡೆ ಆಗದಿದ್ದರೆ ಅರ್ಧವಾದರೂ ಹೊಲಿಯಬಹುದು. ಮೋಟು ಜಡೆಗೆ ನಾಲ್ಕು ಸಾಲು ಮೊಗ್ಗು ಸಾಕು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಎರಡು ಕುಂಡವಿದ್ದರೆ ಅಷ್ಟು ಮೊಗ್ಗು ಮನೆಯಲ್ಲೇ ಸಿಗುತ್ತದೆ, ಸಾಲದ್ದನ್ನು ಮಾರುಕಟ್ಟೆಯಿಂದ ತಂದು ಸೇರಿಸಬಹುದು.

ಬಿಚ್ಚಿದ ಜಡೆಯ ಹೂವನ್ನು ದೇವರಿಗೆ ಏರಿಸುವ ಹಾಗಿಲ್ಲ, ಅದು ಮುಡಿದ ಹೂ. ದಾರ ಬಿಡಿಸಿ ಮಲ್ಲಿಗೆಯ ಬುಡಕ್ಕೇ ಹಾಕುವುದು ವಾಡಿಕೆ. ಸುರಗಿ, ಬಕುಳದಂತೆ ಒಣಗಿದ ಮೇಲೂ ಘಮ ಉಳಿಸಿಕೊಳ್ಳುವ ಶಕ್ತಿ ಮಲ್ಲಿಗೆಗಿಲ್ಲ, ಹಾಗಾಗಿ ಪೆಟ್ಟಿಗೆಯಲ್ಲಿ ಎತ್ತಿಟ್ಟು ಪ್ರಯೋಜನವಿಲ್ಲ.

ಎತ್ತಿಡಬೇಕಾದದ್ದು ಪಟವನ್ನು. ಹಳೆಯ ಪಟಗಳಿಗೆ ಗೋಡೆಯ ಬಿಸಿಲು, ಮಳೆಗಾಲದ ತೇವ, ಅಂಟುಹಾಳೆಯ ಆಲ್ಬಮ್ ಈ ಮೂರೂ ಶತ್ರು. ಅಂಟಿನ ಹಾಳೆಗೆ ಕಚ್ಚಿಕೊಂಡ ಪಟವನ್ನು ಎಳೆದರೆ ಚಿತ್ರದ ಪದರವೇ ಕಿತ್ತುಬರುತ್ತದೆ. ಅದನ್ನು ಕೀಳದೆ ಇದ್ದಲ್ಲೇ ಸ್ಕ್ಯಾನ್ ಮಾಡಿಸಿಕೊಳ್ಳುವುದು ಕ್ಷೇಮ. ಬಿಡಿ ಪಟಗಳನ್ನು ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು ಒಣ ಜಾಗದಲ್ಲಿರಿಸಬೇಕು. ಹಿಂಬದಿಯಲ್ಲಿ ಶಾಯಿಯಿಂದ ಬರೆದರೆ ಕಾಲಾಂತರದಲ್ಲಿ ಮುಂದಕ್ಕೆ ಇಳಿಯುತ್ತದೆ. ಮೆದು ಪೆನ್ಸಿಲಿನಿಂದ, ಒತ್ತದೆ, ಅಂಚಿನಲ್ಲಿ ಬರೆಯಬೇಕು. ಮಗುವಿನ ಹೆಸರು, ವರ್ಷ, ಊರು ಸಾಮಾನ್ಯವಾಗಿ ಎಲ್ಲರೂ ಬರೆಯುತ್ತಾರೆ. ಜಡೆ ಹೊಲಿದವರ ಹೆಸರನ್ನು ಬಹುಮಟ್ಟಿಗೆ ಯಾರೂ ಬರೆಯುವುದಿಲ್ಲ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ, ಅದನ್ನೂ ಸೇರಿಸಬೇಕು.