ಸೊನ್ನೆ ಬಿಲ್ಲು, ಖಾಲಿ ತಾರಸಿ

2023ರ ಜೂನ್ ತಿಂಗಳ ಕರೆಂಟ್ ಬಿಲ್ಲು ಕರ್ನಾಟಕದ ಮನೆಗಳನ್ನು ಬೆಚ್ಚಿಬೀಳಿಸಿತ್ತು. ದರ ಯುನಿಟ್‌ಗೆ ಸರಾಸರಿ 70 ಪೈಸೆ ಏರಿತ್ತು, ಅದೂ ಏಪ್ರಿಲ್‌ನಿಂದಲೇ ಅನ್ವಯವಾಗುವಂತೆ. ಬಳಕೆ ನೂರು ಯುನಿಟ್ ದಾಟಿದರೆ ಅಷ್ಟೂ ಯುನಿಟ್‌ಗೆ ತಲಾ 7 ರೂಪಾಯಿ. ಊರೂರಲ್ಲಿ ಜನ ಬಿಲ್ಲು ಹಿಡಿದು ವಿದ್ಯುತ್ ಪೂರೈಸುವ ಎಸ್ಕಾಂ ಕಚೇರಿಗಳ ಮುಂದೆ ನಿಂತರು. ಆಗಸ್ಟ್ ಬರುತ್ತಿದ್ದಂತೆ ಅದೇ ಮನೆಗಳಲ್ಲಿ ಬಹುಪಾಲಿಗೆ ಸೊನ್ನೆ ಬಿಲ್ಲು ಬಂತು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಜಾರಿಯಾಗಿತ್ತು, ಜುಲೈ ಬಳಕೆಯ ಹಣ ಸರ್ಕಾರದ ಲೆಕ್ಕಕ್ಕೆ ಹೋಗಿತ್ತು.

ಈ ಯೋಜನೆಯನ್ನು ಬಿಟ್ಟಿ ಭಾಗ್ಯವೆಂದು ಹೀಗಳೆಯುವವರ ಜೊತೆ ನಾನಿಲ್ಲ. ಮನೆಗೆಲಸದಿಂದ ತಿಂಗಳಿಗೆ ಎಂಟು ಸಾವಿರ ದುಡಿಯುವ ಹೆಣ್ಣುಮಗಳಿಗೆ ಆರೇಳು ನೂರು ರೂಪಾಯಿ ಉಳಿಯುವುದೆಂದರೆ ಮಕ್ಕಳ ತಟ್ಟೆಗೆ ಮೊಟ್ಟೆ ಬರುತ್ತದೆ, ಔಷಧಿ ಅಂಗಡಿಯ ಸಾಲ ತೀರುತ್ತದೆ. ಬಿಲ್ಲು ಕಟ್ಟಲಾಗದೆ ಫ್ಯೂಸ್ ಕೀಳಿಸಿಕೊಂಡು ಕತ್ತಲಲ್ಲಿ ಕೂತವರಿಗೆ ಗೊತ್ತು ಇದರ ಬೆಲೆ. ನನ್ನ ತಕರಾರು ಇರುವುದು ಯೋಜನೆಯ ಕಟ್ಟೋಣದಲ್ಲಿ. ಅದು ಬಿಲ್ಲನ್ನು ಮನೆಯಿಂದ ಖಜಾನೆಗೆ ಸಾಗಿಸಿತೇ ಹೊರತು ವೆಚ್ಚವನ್ನು ಇಳಿಸಲಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಬಿಸಿಲು ಸುರಿಯುವ ನಾಡಿನಲ್ಲಿ, ವೆಚ್ಚ ಇಳಿಸಬಲ್ಲ ತಾರಸಿಯ ಕಡೆ ತಿರುಗಿಯೂ ನೋಡಲಿಲ್ಲ.

ನಿಯಮವನ್ನೇ ನೋಡಿ. ಉಚಿತ ಎಂದರೆ ಎಲ್ಲರಿಗೂ 200 ಯುನಿಟ್ ಅಲ್ಲ. 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅಷ್ಟೇ ಮನೆಯ ಅರ್ಹತೆ. 180 ಯುನಿಟ್ ಸುಡುತ್ತಿದ್ದ ಮನೆಗೆ 198 ಸಿಕ್ಕಿತು, ಒಂದೊಂದು ಬಲ್ಬನ್ನೂ ಆರಿಸಿ 30 ಯುನಿಟ್‌ನಲ್ಲಿ ಸಂಸಾರ ಮಾಡಿದ ಮನೆಗೆ 33. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯುನಿಟ್ ಹಿಡಿದು 58. ಮಿತವಾಗಿ ಬದುಕಿದವರಿಗೆ ಕಡಿಮೆ, ಧಾರಾಳವಾಗಿ ಬಳಸಿದವರಿಗೆ ಹೆಚ್ಚು ಎಂಬ ಈ ಅನ್ಯಾಯ ಸರ್ಕಾರಕ್ಕೂ ಕಂಡಿರಬೇಕು. 2024ರ ಜನವರಿಯಲ್ಲಿ, 48 ಯುನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯುನಿಟ್ ಹೆಚ್ಚುವರಿ ಕೊಡಲು ಸಂಪುಟ ಒಪ್ಪಿತು. ಒಳ್ಳೆಯ ತಿದ್ದುಪಡಿ, ಆದರೆ ತೇಪೆ. 33 ಇದ್ದದ್ದು 40 ಆಯಿತು. 198 ಪಡೆಯುವ ಮನೆ 198ರಲ್ಲೇ ಉಳಿಯಿತು.

ಇನ್ನು 200ರ ಅಂಚು. ಅರ್ಹತೆ ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯುನಿಟ್‌ಗಷ್ಟೇ ಹಣ. 201 ಆಯಿತೋ, ಪೂರ್ತಿ ಬಿಲ್ಲು. 2025ರ ಏಪ್ರಿಲ್‌ನ ದರದಲ್ಲಿ ಯುನಿಟ್‌ಗೆ 5.80 ರೂಪಾಯಿ, ಅದಕ್ಕೆ ಶೇ 9 ವಿದ್ಯುತ್ ತೆರಿಗೆ, ನೌಕರರ ಪಿಂಚಣಿ ಬಾಬ್ತು 36 ಪೈಸೆ, ಮಂಜೂರಾದ ಪ್ರತಿ ಕಿಲೋವಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ಎರಡು ಕಿಲೋವಾಟ್‌ನ ಮನೆಯಲ್ಲಿ ಆ ಒಂದು ಯುನಿಟ್‌ನ ವ್ಯತ್ಯಾಸ 1,600 ರೂಪಾಯಿ ದಾಟುತ್ತದೆ. ಮಗಳ ಪರೀಕ್ಷೆಯ ತಿಂಗಳು ರಾತ್ರಿಯಿಡೀ ಫ್ಯಾನು ತಿರುಗಿತೆಂದು ಇಷ್ಟು ದಂಡ ಹಾಕುವ ನಿಯಮವನ್ನು ನ್ಯಾಯವೆನ್ನಲು ನನ್ನಿಂದಾಗದು.

ಇದರ ಪಕ್ಕದಲ್ಲೇ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಇದೆ. 2024ರ ಫೆಬ್ರುವರಿಯಲ್ಲಿ ಘೋಷಣೆಯಾದ ಇದರ ಗುರಿ ಒಂದು ಕೋಟಿ ಮನೆಗಳ ತಾರಸಿ. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯುನಿಟ್ ಕೊಡುತ್ತದೆ. ಮೂರು ಕಿಲೋವಾಟ್ ಹಾಕಿಸಿದವರು ತಿಂಗಳಿಗೆ 360 ಯುನಿಟ್‌ನಷ್ಟು ಬೆಳೆದುಕೊಳ್ಳಬಹುದು. ಕೈಯಿಂದ ಹೋಗುವ ಲಕ್ಷ ರೂಪಾಯಿ ಸುಮಾರು ನಾಲ್ಕು ವರ್ಷದಲ್ಲಿ ಮರಳುತ್ತದೆ, ಫಲಕ ಬಾಳುವುದು 25 ವರ್ಷ.

ಹೀಗಿದ್ದೂ ನಮ್ಮ ತಾರಸಿಗಳೇಕೆ ಖಾಲಿ? ಮನೆ ತಾರಸಿಯ ಸೌರಶಕ್ತಿಯಲ್ಲಿ ಗುಜರಾತ್ ದೇಶದ ಮುಂದಿದೆ. ನೆಲದ ಮೇಲಿನ ಬೃಹತ್ ಸ್ಥಾವರಗಳಲ್ಲಿ ಹೆಸರು ಮಾಡಿದ ಕರ್ನಾಟಕ ಮನೆಗಳ ವಿಷಯದಲ್ಲಿ ಬಹಳ ಹಿಂದಿದೆ. ಸೊನ್ನೆ ಬಿಲ್ಲು ಬರುವ ಮನೆ ಫಲಕಕ್ಕೆ ಹಣ ಹಾಕಿ ಉಳಿಸುವುದಾದರೂ ಏನನ್ನು? ಅನುಕೂಲಸ್ಥ ಮನೆಯ ಮಾತು ಬೇರೆ. ಅದಕ್ಕೆ ಅಡ್ಡಬಂದದ್ದು ದರಪಟ್ಟಿ. 2024ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಸ್ಲ್ಯಾಬ್‌ಗಳನ್ನೇ ತೆಗೆದು ಎಲ್ಲ ಮನೆಗೂ ಒಂದೇ ದರವೆಂದಿತು: 5.90 ರೂಪಾಯಿ. 7 ರೂಪಾಯಿ ತೆರುತ್ತಿದ್ದ ಎಸಿ ಮನೆಗೆ ಒಂದು ರೂಪಾಯಿ ಹತ್ತು ಪೈಸೆ ಇಳಿಯಿತು, ಫಲಕದಿಂದ ಆಗುವ ಉಳಿತಾಯವೂ ಅಷ್ಟೇ ಇಳಿಯಿತು. ಮರುವರ್ಷ ಯುನಿಟ್ ದರ 10 ಪೈಸೆ ತಗ್ಗಿ, ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು. ದೀಪ ಆರಿಸಿದರೂ, ಬಿಸಿಲಿನಿಂದ ಕರೆಂಟು ಮಾಡಿಕೊಂಡರೂ ನಿಗದಿತ ಶುಲ್ಕ ಕರಗುವುದಿಲ್ಲ. ಎಸ್ಕಾಂಗಳ ಆದಾಯಕ್ಕೆ ಇದು ಭದ್ರತೆ. ಮಿತವ್ಯಯ ಮತ್ತು ಸೌರಶಕ್ತಿ ಎರಡಕ್ಕೂ ಇದೇ ದೊಡ್ಡ ಹೊಡೆತ, ಮತ್ತು ಇದರ ಬಗ್ಗೆ ಚರ್ಚೆಯೇ ಆಗಲಿಲ್ಲವೆನ್ನುವುದು ನನ್ನನ್ನು ಕಾಡುತ್ತದೆ.

ನಿಯಮ ಸರಿಯಿದ್ದರೆ ನಮ್ಮವರು ತಾರಸಿಯನ್ನು ಬಳಸುತ್ತಾರೆ ಎನ್ನುವುದಕ್ಕೆ ಸಾಕ್ಷಿ ಬೆಂಗಳೂರಿನ ಸೋಲಾರ್ ವಾಟರ್ ಹೀಟರ್‌ಗಳು. ಹೊಸ ಮನೆಗೆ ಅದು ಕಡ್ಡಾಯವೆಂದರು, ಬಿಲ್ಲಿನಲ್ಲಿ ಯುನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟರು. ಊರಿನ ತಾರಸಿಗಳ ಮೇಲೆ ನೀರಿನ ಕೊಳವೆಗಳು ಸಾಲುಗಟ್ಟಿದವು. ಎರಡು ಕಿಲೋವಾಟ್‌ನ ಗೀಸರ್ ಅರ್ಧ ಗಂಟೆಗೆ ಒಂದು ಯುನಿಟ್ ನುಂಗುತ್ತದೆ. ಲಕ್ಷಾಂತರ ಬಚ್ಚಲುಮನೆಗಳಲ್ಲಿ ಬೆಳಗಿನ ಅದೇ ಹೊತ್ತಿಗೆ ಉಳಿದ ಆ ಯುನಿಟ್ ಸಣ್ಣದಲ್ಲ.

ಬಡವರು ಸೋಲಾರ್‌ಗೆ ಹಣ ಕಟ್ಟಲಾರರು ಎಂಬ ಮಾತನ್ನಂತೂ ಈ ರಾಜ್ಯ ಕೇಳಲೇಬಾರದು. ಹರೀಶ್ ಹಂದೆ ಮತ್ತು ಗೆಳೆಯರು 1995ರಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ, ತಂತಿ ಮುಟ್ಟದ ಹಳ್ಳಿಗಳಲ್ಲಿ ದೀಪ ಹಚ್ಚಿದ್ದು ದಾನವಾಗಿ ಅಲ್ಲ, ಬ್ಯಾಂಕ್ ಸಾಲದ ಮೇಲೆ. ದಿನಗೂಲಿಯವರಿಗೆ, ಬೀದಿ ವ್ಯಾಪಾರಿಗಳಿಗೆ ಅವರ ಗಳಿಕೆಯ ಲಯಕ್ಕೆ ತಕ್ಕ ಕಂತು ಹೊಂದಿಸಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಲೆಕ್ಕವನ್ನು ಮಾತ್ರ ಸರ್ಕಾರ ತನ್ನ ಯೋಜನೆಗೆ ತಂದುಕೊಳ್ಳಲಿಲ್ಲ.

ಆ ಲೆಕ್ಕವನ್ನು ಗೃಹಜ್ಯೋತಿಗೆ ಹಚ್ಚಿ ನೋಡೋಣ. ತಿಂಗಳಿಗೆ 100 ಯುನಿಟ್ ಬಳಸುವ ಮನೆಗೆ, ನಿಗದಿತ ಶುಲ್ಕ ಬಿಟ್ಟರೂ, ಸರ್ಕಾರ ವರ್ಷಕ್ಕೆ ಎಂಟು ಸಾವಿರ ರೂಪಾಯಿ ತೆರುತ್ತದೆ. ಆ ಮನೆಗೆ ಬೇಕಾದದ್ದು ಒಂದು ಕಿಲೋವಾಟ್. ಅದರ ಬೆಲೆ 60,000 ಎಂದುಕೊಂಡರೆ ಅರ್ಧ ಕೇಂದ್ರದ್ದು, ಉಳಿದ 30,000 ನಾಲ್ಕು ವರ್ಷದ ಗೃಹಜ್ಯೋತಿ ಹಣಕ್ಕಿಂತ ಕಡಿಮೆ. ಇದೇ ಹಣವನ್ನು ಕಂತಾಗಿ ಬ್ಯಾಂಕಿಗೆ ಕಟ್ಟಿದ್ದರೆ ಮನೆಯವರ ಜೇಬಿನಿಂದ ಪೈಸೆಯೂ ಹೋಗದೆ, ಮುಂದಿನ ಇಪ್ಪತ್ತು ವರ್ಷದ ಕರೆಂಟು ಅವರದೇ ಆಗುತ್ತಿತ್ತು. ಸರ್ಕಾರ ಬದಲಾದರೆ ಸೊನ್ನೆ ಬಿಲ್ಲು ನಿಲ್ಲಬಹುದು. ತಾರಸಿಯ ಫಲಕವನ್ನು ಯಾವ ಬಜೆಟ್ಟೂ ಕಿತ್ತುಕೊಳ್ಳಲಾರದು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮರೆಮಾಚುವಂತಿಲ್ಲ. ನೂರು ಯುನಿಟ್‌ನ ಮನೆ ಕರೆಂಟು ಬಳಸುವುದು ಸಂಜೆ, ಬಿಸಿಲು ಬರುವುದು ಮಧ್ಯಾಹ್ನ. ಪಾವಗಡದ 2,050 ಮೆಗಾವಾಟ್ ಸೌರ ಸ್ಥಾವರವೊಂದೇ ಮಧ್ಯಾಹ್ನದ ಗ್ರಿಡ್‌ಗೆ ಸಾಕಷ್ಟು ತುಂಬುತ್ತದೆ. ಕೊರತೆಯಿರುವುದು ದೀಪ ಹಚ್ಚುವ ಹೊತ್ತಿಗೆ. 2023ರಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಕ್ಕೆ ತುತ್ತಾಗಿ ಜಲಾಶಯಗಳು ಇಳಿದಾಗ, ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಬೇಕಾಯಿತು. ಹಾಗಾಗಿ ಸಂಗ್ರಹ ಬೇಕೇಬೇಕು. ಆದರೆ ಅದಕ್ಕೆ ಮುಂದಿಟ್ಟಿರುವ ದಾರಿ, ಹೆಚ್ಚುವರಿ ಕರೆಂಟಿನಿಂದ ನೀರನ್ನು ಮೇಲೆತ್ತಿ ಬೇಕಾದಾಗ ಇಳಿಸುವ ಶರಾವತಿ ಪಂಪ್ಡ್ ಸ್ಟೋರೇಜ್: ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ಕೊರೆದು 2,000 ಮೆಗಾವಾಟ್. ಅದೇ ನದಿಯ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ಊರು ಮುಳುಗಿದವರ ಭೂಮಿಯ ಹಕ್ಕು ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಅದೇ ಕಣಿವೆಯನ್ನು ಮತ್ತೆ ಕೇಳುವುದು ತಪ್ಪೆಂದೇ ನಾನು ನಂಬುತ್ತೇನೆ. ಪಾವಗಡದಲ್ಲಾದರೂ ಭೂಮಿ ಕಿತ್ತುಕೊಳ್ಳದೆ ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ನಾಡಿನ ರೈತನಿಗೆ ಅದು ನಿಜವಾದ ಆಸರೆ. ಭೂಮಿಯಿಲ್ಲದ ಕೂಲಿಯವರಿಗೆ, ಕುರಿಗಾಹಿಗಳಿಗೆ ಮಾತ್ರ ಗುತ್ತಿಗೆಯೂ ಇಲ್ಲ, ಮೇವಿನ ಬಯಲೂ ಉಳಿಯಲಿಲ್ಲ. ನವೀಕರಿಸಬಹುದಾದ ವಿದ್ಯುತ್ತೆಂದ ಮಾತ್ರಕ್ಕೆ ಅದು ಯಾರ ಬದುಕನ್ನೂ ತುಳಿಯದೆಂದು ಹೇಳಲಾಗದು. ತಾರಸಿಯ ಪರ ನಾನು ಇಷ್ಟು ವಾದಿಸುವುದು ಅದಕ್ಕೇ: ಅಲ್ಲಿ ಎಬ್ಬಿಸಬೇಕಾದ ಊರಿಲ್ಲ, ಕಡಿಯಬೇಕಾದ ಕಾಡಿಲ್ಲ. ಸಂಜೆಯ ಕೊರತೆಗೆ ಟ್ರಾನ್ಸ್‌ಫಾರ್ಮರ್ ಬಳಿಯೇ ಬ್ಯಾಟರಿ ಇಡಬಹುದು, ಪಂಪ್‌ಸೆಟ್‌ಗಳ ತ್ರೀ ಫೇಸ್ ಕರೆಂಟನ್ನು ಬಿಸಿಲಿರುವಾಗಲೇ ಕೊಡಬಹುದು. ರಾತ್ರಿ ಎರಡು ಗಂಟೆಗೆ ಹಾವು ಚೇಳು ತುಳಿಯುತ್ತ ಮೋಟರ್ ಹಾಕಲು ಹೋಗುವ ರೈತ ಎಷ್ಟೋ ವರ್ಷದಿಂದ ಕೇಳುತ್ತಿರುವುದೂ ಅದನ್ನೇ.

ಕೇಂದ್ರದ ಯೋಜನೆಯ ದೊಡ್ಡ ಕೊರತೆ ಇನ್ನೊಂದು. ಕಿಲೋವಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಗಟ್ಟಿ ತಾರಸಿ ಬೇಕು. ಶೀಟಿನ ಮನೆಯವರಿಗೆ, ವಠಾರದ ಬಾಡಿಗೆದಾರರಿಗೆ, ಫ್ಲ್ಯಾಟಿನ ಮೂರನೇ ಮಹಡಿಯವರಿಗೆ ಅದೆಲ್ಲಿಂದ ಬರಬೇಕು? ಒಂದು ಕಡೆ ಬೆಳೆದ ಸೌರ ವಿದ್ಯುತ್ತನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿ 2019ರಲ್ಲೇ ನಿಯಮ ಮಾಡಿತು. ನಮ್ಮಲ್ಲೂ ಇದು ಬಡಾವಣೆ ಸಂಘದಿಂದ ಹಿಡಿದು ಗ್ರಾಮ ಪಂಚಾಯಿತಿವರೆಗೆ ವಾಡಿಕೆಯಾಗಬೇಕು. ಬಹುತೇಕ ಊರುಗಳಲ್ಲಿ ಸರ್ಕಾರಿ ಶಾಲೆಯಿದೆ, ಹಲವಕ್ಕೆ ಆರ್‌ಸಿಸಿ ತಾರಸಿಯಿದೆ. ಬಿಸಿಲು ಅತಿ ಹೆಚ್ಚಿರುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಒಂದು ಫ್ಯಾನೂ ತಿರುಗುವುದಿಲ್ಲ. ಆ ಎರಡು ತಿಂಗಳ ಯುನಿಟ್‌ಗಳನ್ನು ಊರಿನ ಶೀಟಿನ ಮನೆಗಳ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ಜಮೆ ಮಾಡುವ ಆದೇಶ ಹೊರಡಿಸುವುದರಿಂದ ಸರ್ಕಾರ ಶುರುಮಾಡಲಿ.