ಬಯಲಿನ ಬೆಳಕು ಮತ್ತು ಕೈಯ ರೂಢಿ: ನಿಸರ್ಗ ಚಿತ್ರಕಾರನ ಸೃಜನಕ್ರಿಯೆಯನ್ನು ಕುರಿತು

ನಿಸರ್ಗ ಚಿತ್ರಗಳ ಬಗ್ಗೆ ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ‘ಸ್ಫೂರ್ತಿ’ ಮತ್ತು ‘ಸೌಂದರ್ಯ’ ಎಂಬ ಎರಡು ಪದಗಳ ಸುತ್ತಲೇ ಸುಳಿದಿದೆ. ಕಲಾವಿದ ಬೆಟ್ಟವನ್ನು ಕಂಡ, ಮನಸೋತ, ಚಿತ್ರ ಬರೆದ ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಕಾಣುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ದಿನನಿತ್ಯದ ದುಡಿಮೆ, ಅಂದರೆ ಸ್ಥಳದ ಆಯ್ಕೆ, ಹೊತ್ತಿನ ನಿರ್ಧಾರ, ಕಾಗದದ ಸಿದ್ಧತೆ, ಮತ್ತೆ ಮತ್ತೆ ಅದೇ ಜಾಗಕ್ಕೆ ಹಿಂದಿರುಗುವ ಹಟ, ಇವು ವಿಮರ್ಶೆಯ ಹೊರಗೇ ಉಳಿದಿವೆ. ಈ ದುಡಿಮೆಯೇ ಶೈಲಿಯನ್ನು ನಿರ್ಣಯಿಸುತ್ತದೆ ಎಂಬುದನ್ನು ಕೆಲವು ಕಲಾವಿದರ ನಿದರ್ಶನಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜೊತೆಗೆ, ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂತಹ ಬಯಲುಸೀಮೆಯ ನೆಲ ನಮ್ಮ ಚಿತ್ರಕಲೆಯಲ್ಲಿ ಏಕೆ ವಿರಳವಾಗಿದೆ ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಲಾಗಿದೆ.

ಈ ಚರ್ಚೆಗೆ ಬೇಕಾದ ಪರಿಭಾಷೆ ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಇದೆ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನು ಹೇಳುತ್ತಾನೆ. ಆದರೆ ಇವು ಮೂರು ಬೇರೆ ಬೇರೆ ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತು ಎಂಬುದು ಅವನ ನಿಲುವು. ನಿಪುಣತೆ ಬರುವುದು ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಅವಲೋಕಿಸುವುದರಿಂದ. ಈ ಮಾತನ್ನು ಚಿತ್ರಕಲೆಗೆ ಅನ್ವಯಿಸಿದರೆ, ಅಭ್ಯಾಸವನ್ನು ಪ್ರತಿಭೆಯ ಸೇವಕನೆಂದು ಭಾವಿಸುವ ನಮ್ಮ ರೂಢಿ ಸಡಿಲವಾಗುತ್ತದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಪ್ರಾಚೀನ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳೆಲ್ಲ ಸೇರಿವೆ. ಸಮುದ್ರವನ್ನು ಕಾಣದ ಕವಿಯೂ ಪರಂಪರೆಯ ಬಲದಿಂದ ಅದನ್ನು ವರ್ಣಿಸಬಲ್ಲವನಾಗಿದ್ದ. ಭಿತ್ತಿಚಿತ್ರಗಳಲ್ಲಿಯೂ ಮರಬೆಟ್ಟಗಳು ಕಥೆಯ ಹಿನ್ನೆಲೆಯಾಗಿ ಬಂದವು. ನಿಸರ್ಗವೇ ಚಿತ್ರದ ವಸ್ತುವಾದಾಗ ಕಲಾವಿದ ಮನೆಯಿಂದ ಹೊರಡಲೇಬೇಕಾಯಿತು. ಹೊರಟವನನ್ನು ಹವೆ, ಬಿಸಿಲು, ಗಾಳಿಗಳು ಆಳತೊಡಗಿದವು.

ವೆಂಕಟಪ್ಪ: ನಿಯಮವೇ ನೋಟವಾದ ಬಗೆ

ಕೆ. ವೆಂಕಟಪ್ಪನವರು (1886–1965) ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕಲ್ಕತ್ತದ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ ಕಲಿತವರು. ಅಲ್ಲಿ ಅವರು ಕಂಡದ್ದು ಕಾಗದವನ್ನು ಮತ್ತೆ ಮತ್ತೆ ತೋಯಿಸಿ, ತೆಳುಬಣ್ಣವನ್ನು ಪದರಪದರವಾಗಿ ಹರಡುವ ವಿಧಾನ. ಪುರಾಣವಸ್ತುಗಳಿಗೆ ಬಳಕೆಯಾಗುತ್ತಿದ್ದ ಈ ತರಬೇತಿಯನ್ನು ಹೊತ್ತು ಅವರು 1920ರ ದಶಕದಲ್ಲಿ ಊಟಿಗೆ ಹೋದರು. ಅಲ್ಲಿಯೂ ಕೊಡೈಕೆನಾಲಿನಲ್ಲಿಯೂ ಬರೆದ ಜಲವರ್ಣಗಳಲ್ಲಿ ದೇವತೆಗಳಿಲ್ಲ, ಕಥೆಯಿಲ್ಲ. ಮೋಡ, ಮಂಜು, ಬೆಳದಿಂಗಳು, ಕೆರೆಯ ನೀರು, ಇವೇ ಪಾತ್ರಗಳು. ಒಂದು ಸ್ಥಳದ ಪರಿಚಯಕ್ಕಿಂತ ಒಂದು ಹೊತ್ತಿನ ಪರಿಚಯ ಅವುಗಳ ಗುರಿ.

ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊಟಿಯ ಆರ್ದ್ರ ಹವೆಯಲ್ಲಿ ಕಾಗದದ ಪಸೆ ಬೇಗ ಆರುವುದಿಲ್ಲ. ಬಣ್ಣ ಬಣ್ಣದೊಳಗೆ ನಿಧಾನವಾಗಿ ಇಳಿಯುತ್ತದೆ, ಅಂಚುಗಳು ಮೆತ್ತಗಾಗುತ್ತವೆ. ಕಲ್ಕತ್ತದಲ್ಲಿ ಕಲಿತ ಕೈಗೆ ಒಗ್ಗುವ ಹವೆಯೇ ಅಲ್ಲಿತ್ತು. ವೆಂಕಟಪ್ಪನವರ ಮಂಜನ್ನು ಕೇವಲ ಭಾವುಕತೆಯೆಂದು ಓದುವವರು ಈ ಭೌತಿಕ ಹೊಂದಾಣಿಕೆಯನ್ನು ಮರೆಯುತ್ತಾರೆ.

ದಿನಚರಿ ಬರೆದಿಡುವುದು ಅವರ ಅಭ್ಯಾಸವಾಗಿತ್ತು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು ಅದನ್ನೂ ವ್ರತದಂತೆ ಸಾಧನೆ ಮಾಡಿದರು. ಅವಿವಾಹಿತರಾಗಿ ಕಟ್ಟುನಿಟ್ಟಾದ ಬದುಕು ನಡೆಸಿದರು. ಒಂದೇ ಸ್ವರವನ್ನು ನೂರು ಸಲ ಮೀಟಿ ಶುದ್ಧಗೊಳಿಸುವ ಸಾಧಕನ ಮನೋಧರ್ಮವೇ ಒಂದೇ ಮೋಡದ ಅಂಚನ್ನು ಪದರಪದರವಾಗಿ ತಿದ್ದುವ ಕೈಯಲ್ಲಿಯೂ ಇದೆ ಎನ್ನಬಹುದು. ಇದೇ ಶಿಸ್ತು ಅವರ ಮಿತಿಯೂ ಆಯಿತು. ಆ ಬೆಟ್ಟಗಳಲ್ಲಿ ದುಡಿಯುವ ಮನುಷ್ಯನಿಗೆ ಸ್ಥಳ ದೊರೆಯಲಿಲ್ಲ. ಏಕಾಂತವನ್ನು ನಿಯಮವಾಗಿಸಿಕೊಂಡವರ ನಿಸರ್ಗವೂ ಏಕಾಂತವಾಯಿತು.

ರುಮಾಲೆ: ಬೀದಿಯಲ್ಲಿ ನಿಂತ ಚಿತ್ರಕಾರ

ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರ (1910–1988) ದಾರಿ ಇದಕ್ಕೆ ತೀರ ಬೇರೆ. ಬೆಂಗಳೂರಿನ ಕಲಾಮಂದಿರದಲ್ಲಿ ಎ.ಎನ್. ಸುಬ್ಬರಾಯರಲ್ಲಿ ಕಲಿತ ಅವರನ್ನು ಸ್ವಾತಂತ್ರ್ಯ ಚಳವಳಿ ಸೆಳೆಯಿತು. ಸೇವಾದಳ, ‘ತಾಯಿನಾಡು’ ಪತ್ರಿಕೆ, ವಿಧಾನ ಪರಿಷತ್ತು ಎಂದು ಸುಮಾರು ಮೂರು ದಶಕ ಸಾರ್ವಜನಿಕ ಬದುಕಿನಲ್ಲಿ ಕಳೆದು, 1960ರ ದಶಕದಲ್ಲಿ ಪೂರ್ಣವಾಗಿ ಕುಂಚಕ್ಕೆ ಮರಳಿದರು. ಇಷ್ಟು ದೀರ್ಘ ವಿರಾಮದ ಅನಂತರವೂ ಉಳಿದಿದ್ದುದನ್ನು ಶಕ್ತಿಯೆಂದು ಕರೆಯುವುದು ಸುಲಭ. ಆದರೆ ಬೆಂಗಳೂರಿನ ರಸ್ತೆ, ಉದ್ಯಾನಗಳಲ್ಲಿ ಮರ ಹೂ ಬಿಡುವ ವಾರಕ್ಕೆ ಕಾದು, ಮರದೆದುರೇ ನಿಂತು ಬರೆದ ನಿರಂತರತೆ ಇಲ್ಲದಿದ್ದರೆ ಆ ಶಕ್ತಿ ನಮಗೆ ಕಾಣುತ್ತಿರಲಿಲ್ಲ.

ಗುಲ್‌ಮೊಹರು, ಜಕರಂದ ಮೊದಲಾದ ಮರಗಳು ವರ್ಷಕ್ಕೊಮ್ಮೆ, ಕೆಲವೇ ದಿನ ತುಂಬಿ ನಿಲ್ಲುತ್ತವೆ. ಅವುಗಳನ್ನು ಬರೆಯುವವನ ಪಂಚಾಂಗ ಮರದ ಪಂಚಾಂಗವೇ ಆಗಬೇಕು. ರುಮಾಲೆಯವರ ಒತ್ತೊತ್ತಾದ ಬಣ್ಣದ ಚುಕ್ಕೆಗಳು ಈ ಅವಸರದ ಲಿಪಿ. ಎಲೆ, ಹೂ, ಬೆಳಕು ಬೇರೆಯಾಗುವ ಮೊದಲೇ ಅವು ಕ್ಯಾನ್‌ವಾಸಿನ ಮೇಲೆ ಕೂತುಬಿಡುತ್ತವೆ. ಸಂಭ್ರಮ ಕೆಲವೆಡೆ ಅಲಂಕಾರಕ್ಕೆ ಜಾರುವುದುಂಟು. ಆದರೂ ಮರಗಳು ಉರುಳಿ ರಸ್ತೆಗಳು ಅಗಲವಾದ ಇಂದಿನ ಬೆಂಗಳೂರಿನಲ್ಲಿ ನಿಂತು ನೋಡುವವರಿಗೆ ಆ ಚಿತ್ರಗಳು ಕಲಾಕೃತಿಗಳಷ್ಟೇ ಅಲ್ಲ, ಸಾಕ್ಷಿಗಳೂ ಹೌದು. ನಿತ್ಯ ಸ್ಥಳಕ್ಕೆ ಹೋಗಿ ಬರೆದುದರಿಂದಲೇ ಈ ಸಾಕ್ಷ್ಯಬಲ ಅವಕ್ಕೆ ಒದಗಿದೆ.

ಬಯಲುಸೀಮೆಯ ಸವಾಲು

ಬೆಟ್ಟದ ಮಂಜು, ನಗರದ ಹೂಮರ ಇವೆರಡೂ ಇಲ್ಲದ ಚಿತ್ರದುರ್ಗದ ಕಡೆಗೆ ಈಗ ಬರೋಣ. ಮಳೆಯ ನೆರಳಿನಲ್ಲಿರುವ ಈ ಜಿಲ್ಲೆ, ಅದರಲ್ಲಿಯೂ ಹಿರಿಯೂರು ಭಾಗ, ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಶ್ರೀರಾಂಪುರದ ಸುತ್ತಿನ ತೆಂಗಿನ ತೋಟ, ರಾಗಿಯ ಹೊಲ, ಕೆಂಪು ನೆಲ, ಹುಣಸೆ, ಜಾಲಿಗಳ ನಡುವೆ ಬೇಸಿಗೆಯ ಬೆಳಿಗ್ಗೆ ಹತ್ತು ಗಂಟೆಗೆ ಜಲವರ್ಣ ಹಿಡಿದು ಕುಳಿತವನಿಗೆ ಮೊದಲು ಎದುರಾಗುವುದು ಸೌಂದರ್ಯದ ಸಮಸ್ಯೆಯಲ್ಲ, ಆರುವ ಸಮಸ್ಯೆ. ಆಕಾಶಕ್ಕೆ ಎಳೆದ ಬಣ್ಣ ಇನ್ನೊಂದು ತುದಿ ಮುಟ್ಟುವ ಮೊದಲೇ ಈ ತುದಿಯಲ್ಲಿ ಒಣಗಿ ಗೆರೆ ಬೀಳುತ್ತದೆ. ಸೂರ್ಯ ನೆತ್ತಿಗೇರಿದಂತೆ ನೆರಳು ಮರದ ಬುಡಕ್ಕೆ ಸರಿದು, ಬಯಲಿನ ಏರುತಗ್ಗುಗಳು ಅಳಿಸಿಹೋಗುತ್ತವೆ. ಇಲ್ಲಿ ಕೆಲಸಕ್ಕೆ ಒದಗುವ ಬೆಳಕು ಬೆಳಗಿನ ಒಂದೆರಡು ಗಂಟೆ, ಸಂಜೆಯ ಒಂದೆರಡು ಗಂಟೆ ಮಾತ್ರ. ಬಿಳುಪಿಗೆ ಕಾಗದವನ್ನೇ ನೆಚ್ಚುವ ಪಾರದರ್ಶಕ ವಿಧಾನದಲ್ಲಿ ಕಣ್ಣು ಕುಕ್ಕುವ ಬಯಲಿಗೆ ಕಾಗದವನ್ನು ಹೆಚ್ಚು ಬಿಡಬೇಕು, ಕುಂಚವನ್ನು ಕಡಿಮೆ ಮುಟ್ಟಿಸಬೇಕು. ಬಿಡುವುದನ್ನು ಕಲಿಯುವುದಕ್ಕೆ ಬರೆಯುವುದನ್ನು ಕಲಿಯುವುದಕ್ಕಿಂತ ಹೆಚ್ಚಿನ ಅಭ್ಯಾಸ ಬೇಕು.

ಬಯಲುಸೀಮೆಯ ಚಿತ್ರಗಳು ವಿರಳವಾಗಿರುವುದಕ್ಕೆ ಒಂದು ಕಾರಣ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಈ ನೆಲದಲ್ಲಿ ಚೆಲುವಿಲ್ಲವೆಂದಲ್ಲ. ನಮಗೆ ಪರಂಪರೆಯಾಗಿ ಬಂದ ಜಲವರ್ಣದ ರೂಢಿ ತೇವದ ನಾಡುಗಳಲ್ಲಿ ಪಳಗಿದ್ದು. ಕೈ ಪಳಗಿದ ಕಡೆಗೆ ಕಣ್ಣು ತಿರುಗಿತು, ಕಣ್ಣು ತಿರುಗಿದ ನೆಲವನ್ನು ನಾವು ‘ರಮ್ಯ’ವೆಂದು ಕರೆದೆವು.

ಈ ಸಂದರ್ಭದಲ್ಲಿ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿಯವರನ್ನು (1922–2000) ನೆನೆಯಬೇಕು. ಜಲವರ್ಣದ ನಿಸರ್ಗ ಚಿತ್ರಗಳಿಗೆ ಹೆಸರಾದ ಅವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ರೂಪಿಸಿದವರಲ್ಲಿಯೂ ಒಬ್ಬರು. ಈ ಎರಡು ಕೆಲಸಗಳನ್ನು ಬೇರೆ ಬೇರೆ ಸಾಧನೆಗಳೆಂದು ಪಟ್ಟಿ ಮಾಡುವುದು ವಾಡಿಕೆ. ಮಮ್ಮಟನ ಮಾತಿನ ಬೆಳಕಿನಲ್ಲಿ ಅವು ಒಂದೇ. ಹಳ್ಳಿಯ ಮನೆಯೊಂದರ ಅಟ್ಟದ ಮೇಲಿನ ಮರದ ಕೊಳಗವನ್ನು ಗುರುತಿಸುವ ಕಣ್ಣಿಗೂ ಅದೇ ಮನೆಯ ಮಾಡಿನ ಓಟವನ್ನು ಒಂದು ಕುಂಚದ ಎಳೆತದಲ್ಲಿ ಹಿಡಿಯುವ ಕಣ್ಣಿಗೂ ಲೋಕಾವಲೋಕನವೇ ಆಧಾರ.

ಬಯಲಿನ ನೋಟ ಎಷ್ಟು ಚಂಚಲವೆಂಬುದಕ್ಕೆ ವಾಣಿವಿಲಾಸ ಸಾಗರವೇ ಸಾಕ್ಷಿ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇವೆರಡರ ನಡುವಿನ 89 ವರ್ಷಗಳಲ್ಲಿ ಹುಟ್ಟಿ ಬೆಳೆದ ಚಿತ್ರಕಾರನಿಗೆ ತುಂಬಿದ ಕೋಡಿ ಎಂಬುದು ಹಿರಿಯರ ಮಾತಷ್ಟೇ ಆಗಿತ್ತು. ಹಿಂಜರಿದ ನೀರಿನ ಅಂಚು, ಬಿರಿದ ಕೆಸರು, ಬಯಲಾದ ಬಂಡೆ, ಇವೇ ಅವನ ನಿಜವಾದ ವಸ್ತು. ಒಮ್ಮೆ ಹೋಗಿ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಮನೆಯಲ್ಲಿ ಬಣ್ಣ ತುಂಬುವ ಇಂದಿನ ರೂಢಿಗೆ ಈ ವಸ್ತು ದಕ್ಕುವುದಿಲ್ಲ. ಛಾಯಾಚಿತ್ರ ಕ್ಷಣವನ್ನು ಕೊಡುತ್ತದೆ. ಎರಡು ಭೇಟಿಗಳ ನಡುವಿನ ಅಂತರವನ್ನು ಕೊಡುವುದು ಕಲಾವಿದನ ನೆನಪು ಮಾತ್ರ.

ಸಮಾರೋಪ

ಮೇಲಿನ ಚರ್ಚೆಯಿಂದ ಒಂದು ವ್ಯಾವಹಾರಿಕ ತೀರ್ಮಾನ ಹೊರಡುತ್ತದೆ. ಸೃಜನಕ್ರಿಯೆ ಒಂದು ಚಿತ್ರದಲ್ಲಿ ಮುಗಿಯುವಂಥದಲ್ಲ, ಅದು ಭೇಟಿಗಳ ಸಾಲಿನಲ್ಲಿ ಇರುತ್ತದೆ. ಆದುದರಿಂದ ಕಲಾವಿದನ ಕರಡು ಪುಸ್ತಕ, ದಿನಚರಿ, ಬಣ್ಣ ಪರೀಕ್ಷಿಸಿದ ಚೂರು ಕಾಗದ, ಅರ್ಧಕ್ಕೆ ಬಿಟ್ಟ ಹಾಳೆ ಇವೆಲ್ಲ ಮೂಲ ಆಕರಗಳು. ಚೌಕಟ್ಟು ಹಾಕಿದ ಚಿತ್ರ ಗೋಡೆಗೇರುತ್ತದೆ, ಇವು ರದ್ದಿಗೆ ಹೋಗುತ್ತವೆ. ಜಿಲ್ಲೆಗಳ ಕಲಾವಿದರ ಮನೆಗಳಲ್ಲಿ ಉಳಿದಿರುವ ಇಂತಹ ಸಾಮಗ್ರಿಯನ್ನು ದಿನಾಂಕ, ಸ್ಥಳ, ಹೊತ್ತುಗಳೊಡನೆ ದಾಖಲಿಸುವ ಕೆಲಸವನ್ನು ಅಕಾಡೆಮಿಗಳೂ ಗ್ರಂಥಾಲಯಗಳೂ ಕೈಗೊಳ್ಳಬೇಕು. ಹಾಗಾದಾಗ ಮಾತ್ರ ಬಯಲುಸೀಮೆಯ ಕಣ್ಣು ಏನನ್ನು ಕಂಡಿತು, ಏನನ್ನು ಬಿಟ್ಟಿತು ಎಂಬುದನ್ನು ಊಹೆಯಿಂದಲ್ಲದೆ ಆಧಾರದಿಂದ ಹೇಳುವುದು ಸಾಧ್ಯವಾದೀತು.