‘ಬಟ್ಟಬಯಲು’: ಒಂದು ದ್ವಿರುಕ್ತಿಯ ವಿಚಾರ

‘ದ್ವಿರುಕ್ತಿ’ ಎಂಬ ಶಬ್ದದಲ್ಲಿ ‘ದ್ವಿಃ’ ಎಂದರೆ ಎರಡು ಬಾರಿ; ‘ಉಕ್ತಿ’ ಎಂದರೆ ನುಡಿ. ಹೀಗೆ ನುಡಿದಾಗ ಬರುವ ಎರಡನೆಯ ರೂಪಕ್ಕೆ ಪಾಣಿನಿಯು ‘ಆಮ್ರೇಡಿತ’ವೆಂದು ಹೆಸರಿಟ್ಟನು. ಇದನ್ನು ಪುನರುಕ್ತಿಯೊಡನೆ ಬೆರೆಸಲಾಗದು. ಹೇಳಿದ್ದನ್ನೇ ವ್ಯರ್ಥವಾಗಿ ಹೇಳುವುದು ಪುನರುಕ್ತಿ. ಆಲಂಕಾರಿಕರಿಗೆ ಅದು ದೋಷ. ದ್ವಿರುಕ್ತಿಯಾದರೋ ಒಮ್ಮೆ ನುಡಿದರೆ ಭಾವ ತುಂಬದೆಂಬಲ್ಲಿ ಹುಟ್ಟುವಂಥದು.

ಕನ್ನಡದ ದ್ವಿರುಕ್ತಿಗಳಲ್ಲಿ ‘ಮನೆಮನೆ’, ‘ಬೇಗಬೇಗ’ ಎಂಬಂಥವು ಸುಲಭ. ಮೊದಲ ಪದವೇ ಸವೆದು ಮಾರ್ಪಟ್ಟವು ಹಾಗಲ್ಲ: ಕಟ್ಟಕಡೆ, ನಟ್ಟನಡು, ತುತ್ತತುದಿ, ಮೊತ್ತಮೊದಲು. ಇಲ್ಲಿ ‘ಕಡೆ’ಯ ಡಕಾರವು ಗಟ್ಟಿಗೊಂಡು ‘ಟ್ಟ’ ಆಗಿದೆ. ‘ತುದಿ’ಯ ದಕಾರ ‘ತ್ತ’ ಆಗಿದೆ. ಕಟ್ಟುವುದಕ್ಕೂ ‘ಕಟ್ಟಕಡೆ’ಗೂ, ನೆಡುವುದಕ್ಕೂ ‘ನಟ್ಟನಡು’ವಿಗೂ ಸಂಬಂಧವಿಲ್ಲ.

‘ಬಟ್ಟಬಯಲು’ ಇದೇ ಬಳಗದ್ದು. ಆದರೆ ಇಲ್ಲೊಂದು ತೊಡಕುಂಟು. ‘ಬಯಲು’ ಶಬ್ದದ ಯಕಾರ ಗಟ್ಟಿಗೊಂಡು ‘ಟ್ಟ’ ಆಗಲಾರದು. ಈ ಸಂದಿನಲ್ಲಿ ಕೆಲವು ವ್ಯಾಖ್ಯಾನಕಾರರು ನುಸುಳಿ, ‘ಬಟ್ಟ’ವೆಂದರೆ ‘ವೃತ್ತ’ದ ತದ್ಭವ, ಆದ್ದರಿಂದ ಇದು ದುಂಡಾದ ಬಯಲು ಎಂದು ಅರ್ಥೈಸುತ್ತಾರೆ. ನಿಘಂಟಿನಲ್ಲಿ ಆ ‘ಬಟ್ಟ’ ಇರುವುದು ದಿಟವೇ. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಸಮಾನರೂಪದ ಶಬ್ದಗಳನ್ನು ಅಂಕೆಯಿಟ್ಟು ಬೇರ್ಪಡಿಸುವುದಾದರೂ ಏತಕ್ಕೆ? ರೂಪ ಒಂದೆಂದು ಮೂಲವೂ ಒಂದೆಂದು ಬಗೆಯದಿರಲೆಂದೇ ಅಲ್ಲವೆ! ಅದೇ ಊರಿನಿಂದ 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1903ರಲ್ಲಿ ತಮ್ಮ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದ ಆ ವಿದ್ವಾಂಸರಿಗೆ ನಿಘಂಟು ಮತ್ತು ವ್ಯಾಕರಣ ಬೇರೆಬೇರೆ ಕೆಲಸಗಳಾಗಿರಲಿಲ್ಲ. ನಿಘಂಟನ್ನಷ್ಟೇ ತೆರೆದು ವ್ಯಾಕರಣವನ್ನು ಮುಚ್ಚಿಡುವವರೇ ಎಡವುವುದು.

ತೊಡಕಿಗೆ ಉತ್ತರ ‘ಬಚ್ಚಬರಿ’ಯಲ್ಲಿದೆ. ವಚನಗಳ ಓದುಗರಿಗೆ ಪರಿಚಿತವಾದ ಈ ಶಬ್ದಕ್ಕೆ ‘ತೀರ ಬರಿದು’ ಎಂದರ್ಥ. ಇಲ್ಲಿ ರಕಾರವೂ ‘ಚ್ಚ’ ಆಗಲು ಧ್ವನಿನಿಯಮವಿಲ್ಲ. ಹೊಂದುವ ಅರ್ಥದ ‘ಬಚ್ಚ’ವೆಂಬ ಸ್ವತಂತ್ರಪದವೂ ಇಲ್ಲ. ಮೊದಲಕ್ಷರವನ್ನುಳಿಸಿಕೊಂಡು ಒತ್ತಕ್ಷರವೊಂದನ್ನು ಸೇರಿಸುವ ಅಚ್ಚು ಬಳಕೆಯಲ್ಲಿ ನೆಲೆನಿಂತಮೇಲೆ, ಅದೇ ಅಚ್ಚಿನಲ್ಲಿ ಸಾದೃಶ್ಯದಿಂದ ಇವೆರಡೂ ಮೂಡಿದವೆಂದು ತಿಳಿಯುವುದೇ ಯುಕ್ತ. ‘ಬಟ್ಟಬಯಲು’ ಎಂದರೆ ಬಯಲೇ ಬಯಲು.

ಇದು ಕೇವಲ ವೈಯಾಕರಣರ ಜಗಳವಲ್ಲ. ಅಲ್ಲಮಪ್ರಭುವಿನ ವಚನಗಳಲ್ಲಿ ಬಯಲೆಂಬುದು ಆಕಾರವಿಲ್ಲದ, ಎಲ್ಲೆಯಿಲ್ಲದ ನಿಲವು. ಅದಕ್ಕೆ ದುಂಡನ್ನು ಹೊಂದಿಸಿದರೆ ಪರಿಧಿ ಬಂತು. ಪರಿಧಿ ಬಂದರೆ ಒಳಗು ಹೊರಗು ಬಂದವು. ಯಾವುದನ್ನು ಪ್ರಭುದೇವರು ಕಳೆದರೋ ಅದನ್ನೇ ವ್ಯಾಖ್ಯಾನಕಾರನು ಮರಳಿ ತಂದಂತಾಯಿತು. ದ್ವಿರುಕ್ತಿಯೆಂದು ಓದಿದರೆ ಬಯಲಿಗೆ ಬಯಲಲ್ಲದ ಯಾವ ವಿಶೇಷಣವೂ ಅಂಟುವುದಿಲ್ಲ.

ಜನರ ಬಾಯಲ್ಲಿಯೂ ಈ ಶಬ್ದ ದಾರಿ ತಪ್ಪಿಲ್ಲ. ಪತ್ರಿಕೆಗಳು ಇಂದಿಗೂ ಗುಟ್ಟು ‘ಬಟ್ಟಬಯಲಾಯಿತು’ ಎಂದು ಬರೆಯುವಾಗ, ಮರೆಯೇನೂ ಉಳಿಯಲಿಲ್ಲವೆಂದಷ್ಟೇ ಓದುಗರು ತಿಳಿಯುತ್ತಾರೆ. ಗುಟ್ಟು ದುಂಡಗಾಯಿತೆಂದು ಯಾರೂ ತಿಳಿಯರು.